ಬರ್ಬರೆ ಪುಟದ ಅಂಚಿನಲ್ಲಿ: ಆಫ್ರಿಕಾದ ಮಸಾಲೆ ಪುಸ್ತಕವನ್ನು ನಮ್ಮ ಅಡುಗೆಮನೆಗೆ ಒಗ್ಗಿಸುವ ಬಗೆ

ಇಥಿಯೋಪಿಯದ ಅಡುಗೆಗಳ ಪುಸ್ತಕವೊಂದು ನನ್ನ ಮನೆಗೆ ಬಂದದ್ದು ಹಳೆಯ ಪುಸ್ತಕದಂಗಡಿಯಿಂದ. ಹೊಲಿಗೆ ಸಡಿಲವಾಗಿತ್ತು. ಕೈಯಲ್ಲಿ ಹಿಡಿದರೆ ತಾನಾಗಿಯೇ ಒಂದು ಪುಟಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಅದು ಬರ್ಬರೆ ಎಂಬ ಮಸಾಲೆ ಪುಡಿಯ ಪುಟ. ಅದರ ಮೂಲೆಗೆ ಎಣ್ಣೆ ಇಳಿದು ಕಾಗದದ ಹಿಂಬದಿಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಉಪ್ಪಿನ ಅಳತೆ ಇದ್ದ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಜಾಸ್ತಿ, ಅರ್ಧ ಸಾಕು’ ಎಂಬರ್ಥದ ಇಂಗ್ಲಿಷ್ ಮಾತು ಬರೆದಿದ್ದರು.

ಅಚ್ಚಾದದ್ದನ್ನು ನಂಬಿದೆ, ಪೆನ್ಸಿಲನ್ನು ನಂಬಲಿಲ್ಲ. ಪುಡಿ ಉಪ್ಪುಪ್ಪಾಯಿತು. ಪುಸ್ತಕದ್ದೂ ತಪ್ಪಿರಲಿಲ್ಲ ಎಂದು ತಿಳಿಯಲು ಎಷ್ಟೋ ದಿನ ಬೇಕಾಯಿತು. ಅಮೆರಿಕದಲ್ಲಿ ಅಚ್ಚಾಗುವ ಅಡುಗೆ ಪುಸ್ತಕಗಳು ಬಹಳ ಸಲ ಹಗುರವಾದ ದಪ್ಪ ಹರಳಿನ ಉಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತವೆ. ಅಂಥ ಉಪ್ಪು ಒಂದು ದೊಡ್ಡ ಚಮಚ ತುಂಬಿದರೂ ಹತ್ತು ಗ್ರಾಂ ಆಸುಪಾಸು ತೂಗಬಹುದು. ನಮ್ಮ ಪ್ಯಾಕೆಟ್ಟಿನ ನಯವಾದ ಉಪ್ಪು ಅದೇ ಚಮಚದಲ್ಲಿ ಸುಮಾರು 18 ಗ್ರಾಂ. ಹೆಸರು ತಿಳಿಯದ ಆ ಹಿಂದಿನ ಒಡೆಯರು ನಮ್ಮಂಥ ಉಪ್ಪು ಬಳಸುವ ಊರಿನವರೇ ಇರಬೇಕು.

ಮೊಬೈಲಿನಲ್ಲಿ ಸಾವಿರ ಬಗೆಯ ಬರ್ಬರೆ ಸಿಗುತ್ತದೆ, ನಿಜ. ಆದರೆ ಮೆಣಸಿನ ಕೈಯಲ್ಲಿ ಪರದೆ ಮುಟ್ಟುವ ಕಷ್ಟ ಒಂದು ಕಡೆ. ಹೋದ ಸಲ ಚೆನ್ನಾಗಿ ಬಂದದ್ದು ಆ ಸಾವಿರದಲ್ಲಿ ಯಾವುದು ಎಂದು ಹುಡುಕುವ ಪಾಡು ಇನ್ನೊಂದು ಕಡೆ. ಅಚ್ಚಾದ ಪುಟ ಇದ್ದಲ್ಲೇ ಇರುತ್ತದೆ. ಇದ್ದಲ್ಲೇ ಇರುವುದರಿಂದಲೇ ಅದರೊಡನೆ ಜಗಳವಾಡಬಹುದು, ತಿದ್ದಬಹುದು, ಮುಂದಿನ ಸಲ ಆ ತಿದ್ದುಪಡಿಯ ಮೇಲೆ ನಿಲ್ಲಬಹುದು. ಈ ಮಾರ್ಗದರ್ಶಿ ಆ ಕೆಲಸಕ್ಕಾಗಿ: ಒಂದು ಪುಸ್ತಕ, ಅದರಲ್ಲಿ ಒಂದು ಮಸಾಲೆ, ಆ ಮಸಾಲೆಯಿಂದ ಒಂದು ಅಡುಗೆ. ಇಡೀ ಪುಸ್ತಕ ಮುಗಿಸುತ್ತೇನೆಂದು ಹೊರಟವರು ಮೂರನೇ ವಾರಕ್ಕೆ ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ನಾನೂ ಹಾಗೆ ಮರೆತ ಪುಸ್ತಕಗಳಿವೆ.

1. ಖಂಡವನ್ನು ಬಿಟ್ಟು ಒಂದು ನಾಡನ್ನು ಹಿಡಿಯಿರಿ

ಐವತ್ತನಾಲ್ಕು ದೇಶಗಳ ಅಡುಗೆಯನ್ನು ಇನ್ನೂರು ಪುಟಕ್ಕೆ ತುಂಬಿದ ಪುಸ್ತಕ ನೋಡಲು ಚೆಂದ, ಕಲಿಯಲು ಅಲ್ಲ. ಮೊರಾಕೊದ ‘ರಸ್ ಎಲ್ ಹನೂತ್’ ಎಂದರೆ ‘ಅಂಗಡಿಯ ತಲೆ’, ಅಂದರೆ ಅಂಗಡಿಯವನ ಬಳಿ ಇರುವುದರಲ್ಲಿ ಉತ್ತಮವಾದದ್ದು. ಅದರಲ್ಲಿ ಖಾರ ಮುಂದೆ ನಿಲ್ಲುವುದಿಲ್ಲ, ಪರಿಮಳ ನಿಲ್ಲುತ್ತದೆ. ಟ್ಯುನೀಸಿಯದ ಹರಿಸ್ಸ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆಯ ಚಟ್ನಿ. ಸೊಮಾಲಿಯದ ಹವಾಶ್ ನಮ್ಮ ಗರಂ ಮಸಾಲೆಗೆ ಅರಿಸಿನ ಸೇರಿಸಿದಂತೆ. ಜಾಂಜಿಬಾರ್ ಕಡೆಯ ಪಿಲಾವ್ ಮಸಾಲೆಯಲ್ಲಿ ಅಲ್ಲೇ ಬೆಳೆಯುವ ಲವಂಗದ ಗತ್ತು. ಪಶ್ಚಿಮ ಆಫ್ರಿಕಾದ ಅಡುಗೆಯ ಬುಡದಲ್ಲಿ ಹುದುಗಿಸಿದ ಮರಬೀಜದ ಗಾಢ ವಾಸನೆ ಇರುತ್ತದೆ. ಇವೆಲ್ಲ ಒಂದೇ ಮನೆಯ ಮಕ್ಕಳಲ್ಲ. ಕರ್ನಾಟಕದ ಅಡುಗೆಯನ್ನು ಕಾಶ್ಮೀರದಿಂದ ಕೊಲಂಬೊ ತನಕದ ಒಂದೇ ಅಧ್ಯಾಯದಲ್ಲಿ ಮುಗಿಸಿದರೆ ನಮಗೆ ಹೇಗನ್ನಿಸೀತು?

ನಾನು ಇಥಿಯೋಪಿಯದಿಂದ ಶುರು ಮಾಡಲು ಹೇಳುವುದಕ್ಕೆ ಕಾರಣಗಳಿವೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಬೇಳೆ, ಕಾಳು, ಸೊಪ್ಪಿನ ಅಡುಗೆಗಳು ಅಲ್ಲಿ ಹೇರಳ. ಬರ್ಬರೆಗೆ ಬೇಕಾದದ್ದರಲ್ಲಿ ಬಹುಪಾಲು ನಮ್ಮ ಸಾಂಬಾರ ಡಬ್ಬಿಯಲ್ಲೇ ಇದೆ. ನಂಟು ಇನ್ನೂ ಹಳೆಯದು. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು, ಅಂದರೆ ಹುಚ್ಚೆಳ್ಳು, ಇಥಿಯೋಪಿಯದ ಮೂಲದ್ದೇ. ಅಲ್ಲಿ ಅದನ್ನು ನೂಗ್ ಎನ್ನುತ್ತಾರೆ, ಹೆಚ್ಚಾಗಿ ಎಣ್ಣೆ ತೆಗೆಯುತ್ತಾರೆ.

ಪುಸ್ತಕ ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಂತು ಬರ್ಬರೆಯ ಪುಟ ತೆಗೆಯಿರಿ. ಇಡೀ ಸಾಂಬಾರ ಪದಾರ್ಥ ಹುರಿದು ಪುಡಿ ಮಾಡಲು ಹೇಳುತ್ತದೆಯೋ, ಐದು ಬಗೆಯ ಸಿದ್ಧ ಪುಡಿಗಳನ್ನು ಬಟ್ಟಲಿನಲ್ಲಿ ಕಲಸಿಬಿಡಿ ಎನ್ನುತ್ತದೆಯೋ ನೋಡಿ. ಎರಡನೆಯದಾದರೆ ಹಾಗೇ ಕೆಳಗಿಡಿ. ಪದಾರ್ಥಗಳಿಗೆ ಅಲ್ಲಿನ ನುಡಿಯಾದ ಅಮ್ಹಾರಿಕ್‌ನ ಹೆಸರು ಕೊಟ್ಟಿದ್ದರೆ, ಅಳತೆ ಗ್ರಾಂಗಳಲ್ಲಿ ಇದ್ದರೆ, ಕೊನೆಯಲ್ಲಿ ಪದಸೂಚಿ ಇದ್ದರೆ ಒಳ್ಳೆಯದು. ಇನ್ನೊಂದು ಪರೀಕ್ಷೆ: ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಮುಚ್ಚಿಕೊಳ್ಳದೆ ಇರಬೇಕು. ಫೋಟೊ ಎಷ್ಟು ಚೆನ್ನಾಗಿದ್ದರೇನು, ಎರಡೂ ಕೈಯಲ್ಲಿ ಹಿಡಿದೇ ಓದಬೇಕಾದ ಪುಸ್ತಕ ಅಡುಗೆಮನೆಗೆ ಆಗಿಬರುವುದಿಲ್ಲ.

2. ಒಲೆ ಹಚ್ಚುವ ಮೊದಲು ಪೆನ್ಸಿಲ್

ಪುಟವನ್ನು ಒಮ್ಮೆ ಕತೆಯಂತೆ ಓದಿ. ಎರಡನೇ ಸಲ ಓದುವಾಗ ಅಳತೆಗಳನ್ನು ನಮ್ಮ ಲೆಕ್ಕಕ್ಕೆ ತಂದು ಅಂಚಿನಲ್ಲೇ ಬರೆಯಿರಿ. ಅಮೆರಿಕದ ಒಂದು ಕಪ್ ಎಂದರೆ ಸುಮಾರು 240 ಮಿಲಿಲೀಟರ್, ನಮ್ಮ ಕಾಫಿ ಲೋಟವಲ್ಲ. ಟೇಬಲ್ ಚಮಚ 15 ಮಿಲಿಲೀಟರ್, ಟೀ ಚಮಚ 5. ಆಸ್ಟ್ರೇಲಿಯದಲ್ಲಿ ಅಚ್ಚಾದ ಪುಸ್ತಕವಾದರೆ ಟೇಬಲ್ ಚಮಚ 20. ಬೆಣ್ಣೆ ‘ಒಂದು ಕಡ್ಡಿ’ ಎಂದಿದ್ದರೆ 113 ಗ್ರಾಂ. ‘ಈರುಳ್ಳಿ 2’ ಎಂದು ಕಂಡರೆ ನಿಂತು ಯೋಚಿಸಿ. ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಎರಡು ಈರುಳ್ಳಿ ನಮ್ಮ ತಳ್ಳುಗಾಡಿಯ ನಾಲ್ಕೈದಕ್ಕೆ ಸಮ. ಉಪ್ಪಿನ ಕತೆ ಆಗಲೇ ಹೇಳಿದೆ. ಮೊದಲ ಸಲ ಅರ್ಧ ಹಾಕಿ ರುಚಿ ನೋಡುವುದೇ ಕ್ಷೇಮ.

ಪಾಶ್ಚಾತ್ಯ ಓದುಗರಿಗೆಂದು ಬರೆದ ಬರ್ಬರೆಯಲ್ಲಿ ಪ್ಯಾಪ್ರಿಕ ಪುಡಿ ಧಾರಾಳವಾಗಿ ಇರುತ್ತದೆ. ಖಾರ ಏರಿಸದೆ ಕೆಂಪು ಬಣ್ಣ ತರುವ ಉಪಾಯ ಅದು. ಬ್ಯಾಡಗಿ ಮೆಣಸಿನಕಾಯಿ ಕೈಗೆಟುಕುವ ನಮಗೆ ಅದು ಬೇಡವೇ ಬೇಡ. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು ಎಂದು ಪ್ಯಾಪ್ರಿಕದ ಸಾಲನ್ನು ಹೊಡೆದುಹಾಕಿ.

3. ಹೆಸರುಗಳ ಕಾಡು

ಈ ಅಡುಗೆಗಳಲ್ಲಿ ಎಡವುವುದು ಒಲೆಯ ಮುಂದೆ ಅಲ್ಲ, ದಿನಸಿ ಅಂಗಡಿಯಲ್ಲಿ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ನಿಮ್ಮದೇ ಒಂದು ಪದಕೋಶ ಬರೆದಿಡಿ. ನನ್ನ ಹಾಳೆಯಲ್ಲಿ ಹೀಗಿದೆ: ಅಬಿಶ್ ಎಂದರೆ ಮೆಂತ್ಯ. ದಿಂಬಿಲಾಲ್ ಕೊತ್ತಂಬರಿ ಬೀಜ. ಕಮುನ್ ಜೀರಿಗೆ. ಇರ್ದ್ ಅರಿಸಿನ. ಜಿಂಜಿಬಿಲ್ ಶುಂಠಿ. ನೆಚ್ ಷಿಂಕುರ್ತ್, ಅಕ್ಷರಶಃ ‘ಬಿಳಿ ಈರುಳ್ಳಿ’, ಅಂದರೆ ಬೆಳ್ಳುಳ್ಳಿ. ತಿಮಿಜ್ ನಮ್ಮ ಹಿಪ್ಪಲಿಯ ದಾಯಾದಿ.

ಗೊಂದಲ ಹುಟ್ಟಿಸುವುದು ಎರಡು ‘ಅಜ್ಮುದ್’. ನೆಚ್ ಅಜ್ಮುದ್ ಎಂದರೆ ಬಿಳಿಯದು, ಅದು ನಮ್ಮ ಓಮ. ತಿಕುರ್ ಅಜ್ಮುದ್ ಕರಿಯದು, ಅದು ಕಲೋಂಜಿ. ಇಂಗ್ಲಿಷ್ ಪುಸ್ತಕಗಳು ಮೊದಲನೆಯದನ್ನು ಒಮ್ಮೊಮ್ಮೆ ‘ಬಿಷಪ್ಸ್ ವೀಡ್’ ಎಂದೂ ಎರಡನೆಯದನ್ನು ‘ಬ್ಲ್ಯಾಕ್ ಕ್ಯುಮಿನ್’ ಎಂದೂ ಕರೆಯುತ್ತವೆ. ಆ ಎರಡನೇ ಹೆಸರು ಹಿಡಿದು ಅಂಗಡಿಗೆ ಹೋದರೆ ಶಾಹಿ ಜೀರಿಗೆಯೂ ಸಿಗಬಹುದು, ಕಲೋಂಜಿಯೂ ಸಿಗಬಹುದು. ಕಾಳು ತ್ರಿಕೋನಾಕಾರವಾಗಿ, ಇದ್ದಿಲಿನಷ್ಟು ಕಪ್ಪಾಗಿ ಇದ್ದರೆ ಕಲೋಂಜಿ. ಬಾಗಿದ ಸಣ್ಣ ಜೀರಿಗೆಯಂತಿದ್ದರೆ ಅಲ್ಲ.

ನಿಜವಾಗಿ ಸಿಗದಿರುವುದು ಕೊರಾರಿಮ, ಇಥಿಯೋಪಿಯದ ಏಲಕ್ಕಿ. ಕಾಯಿ ದೊಡ್ಡದು, ಕಂದುಬಣ್ಣದ್ದು. ಪುಸ್ತಕಗಳು ಕಪ್ಪು ಏಲಕ್ಕಿ ಹಾಕಿ ಎನ್ನುತ್ತವೆ. ಆದರೆ ನಮ್ಮ ಕಪ್ಪು ಏಲಕ್ಕಿಯನ್ನು ಹೊಗೆಯಲ್ಲಿ ಒಣಗಿಸಿರುತ್ತಾರೆ, ಆ ಹೊಗೆವಾಸನೆ ಕೊರಾರಿಮಕ್ಕೆ ಇಲ್ಲ. ಮೂರು ಪಾಲು ಹಸಿರು ಏಲಕ್ಕಿಯ ಬೀಜಕ್ಕೆ ಒಂದು ಪಾಲು ಕಪ್ಪು ಏಲಕ್ಕಿಯ ಬೀಜ, ಮೇಲೆ ಚಿಟಿಕೆ ಜಾಯಿಕಾಯಿ ಪುಡಿ. ಇದು ನನ್ನ ಹೊಂದಾಣಿಕೆ. ಕೊರಾರಿಮ ಕಂಡವರು ನಕ್ಕರೂ ನಗಲಿ.

4. ಬರ್ಬರೆ

ಇಥಿಯೋಪಿಯದ ಮನೆಗಳಲ್ಲಿ ಬರ್ಬರೆ ಮಾಡುವುದು ಒಂದು ಗಳಿಗೆಯ ಕೆಲಸವಲ್ಲ. ಒಣಮೆಣಸಿನಕಾಯಿಯನ್ನು ಹಸಿ ಬೆಳ್ಳುಳ್ಳಿ, ಶುಂಠಿ, ಘಮದ ಸೊಪ್ಪುಗಳೊಡನೆ ಕುಟ್ಟಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಹುರಿದ ಸಾಂಬಾರಗಳೊಡನೆ ಗಿರಣಿಗೆ ಒಯ್ಯುತ್ತಾರೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ, ವರ್ಷದ ಖಾರದ ಪುಡಿ ಮಾಡಿಸಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನದು ಮಿಕ್ಸಿಗೆ ಇಳಿಸಿದ ಚಿಕ್ಕ ಅಳತೆ. ಸುಮಾರು 85 ಗ್ರಾಂ ಪುಡಿ ಬರುತ್ತದೆ.

ಬ್ಯಾಡಗಿ ಮೆಣಸಿನಕಾಯಿ 50 ಗ್ರಾಂ, ಗುಂಟೂರು 10 ಗ್ರಾಂ. ಕೊತ್ತಂಬರಿ ಬೀಜ 1 ಟೇಬಲ್ ಚಮಚ. ಜೀರಿಗೆ, ಕಾಳುಮೆಣಸು, ಓಮ, ಮೆಂತ್ಯ ತಲಾ 1 ಟೀ ಚಮಚ. ಮೇಲೆ ಹೇಳಿದ ಏಲಕ್ಕಿ ಮಿಶ್ರಣ 1 ಟೀ ಚಮಚ. ಕಲೋಂಜಿ ಅರ್ಧ ಟೀ ಚಮಚ. ಲವಂಗ 6, ದಾಲ್ಚಿನ್ನಿ ಒಂದಂಗುಲ. ಒಣಶುಂಠಿ ಪುಡಿ 1 ಟೀ ಚಮಚ, ಅರಿಸಿನ ಅರ್ಧ ಟೀ ಚಮಚ, ಪುಡಿ ಉಪ್ಪು 2 ಟೀ ಚಮಚ.

ಮೆಣಸಿನಕಾಯಿಯ ತೊಟ್ಟು ಮುರಿದು, ಅಲ್ಲಾಡಿಸಿ ಬೀಜ ಉದುರಿಸಿ. ಅರ್ಧ ಬೀಜ ಉಳಿದರೂ ಅಡ್ಡಿಯಿಲ್ಲ. ಬಿಸಿಲಿದ್ದರೆ ಎರಡು ಗಂಟೆ ಒಣಗಿಸಿ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಎಣ್ಣೆಯಿಲ್ಲದೆ, ಮುಟ್ಟಿದರೆ ಗರಿಗರಿ ಎನ್ನುವ ತನಕ ಬೆಚ್ಚಗೆ ಮಾಡಿ. ಕಪ್ಪು ಚುಕ್ಕೆ ಬೀಳಬಾರದು.

ಈಗ ಸಾಂಬಾರಗಳು. ಎಲ್ಲವನ್ನೂ ಒಟ್ಟಿಗೆ ಸುರಿಯಲು ಹೇಳುವ ಪುಸ್ತಕಗಳಿವೆ, ನಾನು ಒಪ್ಪುವುದಿಲ್ಲ. ಮೊದಲು ಮೆಂತ್ಯ ಒಂದನ್ನೇ ಹುರಿಯಿರಿ. ಅದು ಹಳದಿಯಿಂದ ಹೊಂಬಣ್ಣಕ್ಕೆ ತಿರುಗಿ, ಕಾಯಿಸಿದ ಬೆಲ್ಲದಂಥ ಪರಿಮಳ ಬಿಡುವ ಗಳಿಗೆಯಲ್ಲಿ ತಟ್ಟೆಗೆ ಸುರಿದುಬಿಡಬೇಕು. ಇನ್ನು ಅರ್ಧ ನಿಮಿಷ ಬಿಟ್ಟರೆ ಕಂದಾಗಿ ಕಹಿಯಾಗುತ್ತದೆ. ಆ ಒಂದು ಚಮಚದ ಕಹಿಯನ್ನು ಮಿಕ್ಕ 80 ಗ್ರಾಂ ಮುಚ್ಚಲಾರದು. ಆಮೇಲೆ ಕೊತ್ತಂಬರಿ, ಮೆಣಸು, ಲವಂಗ, ದಾಲ್ಚಿನ್ನಿ ಒಟ್ಟಿಗೆ. ಕೊತ್ತಂಬರಿಯ ಘಮ ಎದ್ದ ಮೇಲೆ ಜೀರಿಗೆ, ಏಲಕ್ಕಿ ಬೀಜ. ಉರಿ ಆರಿಸಿದ ಮೇಲೆ, ಬಾಣಲೆಯ ಕಾವಿನಲ್ಲೇ ಓಮ, ಕಲೋಂಜಿ. ಪೂರಾ ತಣ್ಣಗಾಗುವ ತನಕ ಕಾಯಿರಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಹಬೆ ಕೂತು ಪುಡಿ ಮುದ್ದೆಗಟ್ಟುತ್ತದೆ. ಎರಡು ಕಂತಿನಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಒಣಶುಂಠಿ, ಅರಿಸಿನ, ಉಪ್ಪು ಕಲಸಿ. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಎರಡು ದಿನ ಇಟ್ಟರೆ ವಾಸನೆಗಳು ಒಂದಕ್ಕೊಂದು ಬೆರೆಯುತ್ತವೆ. ಬಾಟಲಿಯ ಮೇಲೆ ತಾರೀಖು ಬರೆಯಿರಿ. ಮೂರು ತಿಂಗಳು ಘಮ ಚೆನ್ನಾಗಿರುತ್ತದೆ.

ಮೊದಲ ಸಲ ಬಾಟಲಿಯ ಮುಚ್ಚಳ ತೆಗೆದು ಮೂಸಿದ ಅಮ್ಮ ಕೇಳಿದರು: “ಇದಕ್ಕೆ ಓಮ ಯಾಕೆ ಹಾಕಿದೆ? ಯಾರಿಗಾದರೂ ಹೊಟ್ಟೆ ನೋವೇ?” ಬರ್ಬರೆ ನಮಗೆ ಅಪರಿಚಿತ ಅನ್ನಿಸುವುದು ಅಪರಿಚಿತ ಪದಾರ್ಥಗಳಿಂದಲ್ಲ. ನಮ್ಮಲ್ಲಿ ಔಷಧಿಯ ಡಬ್ಬಿಯಲ್ಲಿ, ಕೋಡುಬಳೆಯಲ್ಲಿ ಇರುವ ಓಮ, ಪಾಯಸಕ್ಕೆ ಹೋಗುವ ಏಲಕ್ಕಿ, ಸಾರಿನ ಕೊತ್ತಂಬರಿ ಮೂರೂ ಒಂದೇ ಬಾಟಲಿಯಲ್ಲಿ ಕೂತಿರುವುದರಿಂದ.

5. ಮಸಾಲೆ ಬೆಣ್ಣೆ

ನಿತಿರ್ ಕಿಬೆ ಎಂದರೆ ಮಸಾಲೆ ಹಾಕಿ ಕಾಯಿಸಿದ ತುಪ್ಪ. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ನಾಲ್ಕು ಕಾಳು ಮೆಂತ್ಯವನ್ನೋ ಹಾಕುವ ಮನೆಯವರಿಗೆ ಇದು ಒಂದು ಹೆಜ್ಜೆ ಮುಂದಿನದು, ಅಷ್ಟೇ. ಉಪ್ಪಿಲ್ಲದ ಬೆಣ್ಣೆ 500 ಗ್ರಾಂ, ಹೆಚ್ಚಿದ ಸಣ್ಣ ಈರುಳ್ಳಿ ಒಂದು, ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ಶುಂಠಿ ಒಂದಂಗುಲ, ಮೆಂತ್ಯ ಅರ್ಧ ಟೀ ಚಮಚ, ಏಲಕ್ಕಿ ಮಿಶ್ರಣ 1 ಟೀ ಚಮಚ, ಚಿಟಿಕೆ ಅರಿಸಿನ. ಪುಸ್ತಕದಲ್ಲಿ ಬೆಸೊಬೆಲ ಎಂಬ ಸೊಪ್ಪಿನ ಹೆಸರು ಕಂಡರೆ ನಾಲ್ಕು ಎಲೆ ಕಾಮಕಸ್ತೂರಿ ಹಾಕಿ, ಅದೇ ಬಳಗದ್ದು. ಅತಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ತಳದ ಗಸಿ ಹೊಂಬಣ್ಣಕ್ಕೆ ಬಂದಾಗ ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿ. ಗಸಿಯನ್ನು ಎಸೆಯಬೇಡಿ, ಬಿಸಿ ಅನ್ನಕ್ಕೆ ಕಲಸಿ ನೋಡಿ. ಇದು ಯಾವ ಪುಸ್ತಕದಲ್ಲೂ ಇಲ್ಲ.

6. ಮಿಸಿರ್ ವತ್: ಎಣ್ಣೆಯಿಲ್ಲದೆ ಈರುಳ್ಳಿ

ವತ್ ಎಂದರೆ ಗಟ್ಟಿ ಸಾರು, ಮಿಸಿರ್ ಎಂದರೆ ಮಸೂರ. ಪುಸ್ತಕದಲ್ಲಿ ಇದರ ಮೊದಲ ಸಾಲು ಓದಿದಾಗ ಅಚ್ಚಿನ ತಪ್ಪು ಎಂದುಕೊಂಡೆ. ಈರುಳ್ಳಿಯನ್ನು ಒಣ ಪಾತ್ರೆಯಲ್ಲಿ ಬಾಡಿಸಿ ಎಂದಿತ್ತು. ಎಣ್ಣೆಯ ಮಾತೇ ಇಲ್ಲ. ಒಗ್ಗರಣೆಯಿಂದ ಶುರುವಾಗುವ ಅಡುಗೆಯಲ್ಲಿ ಬೆಳೆದವರಿಗೆ ಕೈ ತಾನಾಗಿ ಎಣ್ಣೆ ಬಾಟಲಿಗೆ ಹೋಗುತ್ತದೆ. ತಡೆಯಿರಿ. ವತ್‌ನ ಗುಟ್ಟು ಇಲ್ಲೇ ಇದೆ.

ಬೇಕಾದದ್ದು: ಮಸೂರ ಬೇಳೆ 200 ಗ್ರಾಂ, ಈರುಳ್ಳಿ 400 ಗ್ರಾಂ, ಬರ್ಬರೆ 2 ಟೇಬಲ್ ಚಮಚ, ನಿತಿರ್ ಕಿಬೆ 4 ಟೇಬಲ್ ಚಮಚ (ಉಪವಾಸದ ದಿನದ ರೀತಿಯಲ್ಲಿ ಮಾಡುವುದಾದರೆ ಅಷ್ಟೇ ಎಣ್ಣೆ), ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದಂಗುಲ, ಬಿಸಿನೀರು ಸುಮಾರು 700 ಮಿಲಿಲೀಟರ್. ಹೌದು, ಈರುಳ್ಳಿ ಬೇಳೆಯ ಎರಡರಷ್ಟು.

ಈರುಳ್ಳಿಯನ್ನು ರವೆಯಂತೆ ಸಣ್ಣಗೆ ಹೆಚ್ಚಿ. ಮಿಕ್ಸಿಯಲ್ಲಿ ತಿರುವುವುದಾದರೆ ಎರಡು ಸಲ ಮಾತ್ರ, ರಸವಾದರೆ ಕೆಟ್ಟಿತು. ದಪ್ಪ ತಳದ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಿರಿ. ಮೊದಲ ಐದು ನಿಮಿಷ ಸುಯ್ಯೆನ್ನುವ ಸದ್ದು, ನೀರು ಬಿಡುತ್ತದೆ, ಕಣ್ಣು ಉರಿಯುತ್ತದೆ. ಆ ನೀರು ಇಂಗಿದಾಗ ಸದ್ದು ಚಟಚಟ ಎಂದು ಬದಲಾಗುತ್ತದೆ. ಆಗ ಉರಿ ತಗ್ಗಿಸಿ. ತಳ ಹಿಡಿಯತೊಡಗಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ, ಮತ್ತೆ ಹಿಡಿದರೆ ಮತ್ತೆ ಚಮಚ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಹಸಿ ಘಾಟು ಹೋಗಿ ಸಿಹಿ ವಾಸನೆ ಬರುತ್ತದೆ, ಈರುಳ್ಳಿ ತಿಳಿ ಕಂದು ಬಣ್ಣದ ಗೊಜ್ಜಿನಂತೆ ಒಂದುಗೂಡುತ್ತದೆ. ಎಣ್ಣೆಯಲ್ಲಿ ಹುರಿದರೆ ಚೂರುಗಳು ಬೇರೆಬೇರೆಯಾಗಿ ಅಂಚು ಗರಿಗಟ್ಟುತ್ತವೆ. ಒಣದಾಗಿ ಬೆಂದರೆ ಕರಗುತ್ತವೆ. ಕರಗಿದ ಈರುಳ್ಳಿಯೇ ವತ್‌ಗೆ ಮಂದ ಕೊಡುವುದು. ತೆಂಗಿನಕಾಯಿಯಾಗಲಿ ಹಿಟ್ಟಾಗಲಿ ಹಾಕುವುದಿಲ್ಲ.

ಈಗ ನಿತಿರ್ ಕಿಬೆ ಹಾಕಿ, ಹಿಂದೆಯೇ ಬರ್ಬರೆ. ಪುಡಿ ಸೀಯದಂತೆ ಅರ್ಧ ಸೌಟು ನೀರು ಬಿಡುತ್ತ ಹತ್ತು ನಿಮಿಷ ಬೇಯಿಸಿ. ಬಣ್ಣ ಕಡುಕೆಂಪಿಗೆ ತಿರುಗಿ ಜಿಡ್ಡು ಅಂಚಿನಲ್ಲಿ ಬಿಟ್ಟುಕೊಳ್ಳಬೇಕು. ಈ ಹತ್ತು ನಿಮಿಷವನ್ನು ಎರಡಕ್ಕಿಳಿಸಿದರೆ ಹಸಿ ಮೆಣಸಿನ ರುಚಿ ಕೊನೆಯ ತನಕ ಉಳಿಯುತ್ತದೆ. ಜಜ್ಜಿದ ಬೆಳ್ಳುಳ್ಳಿ, ಶುಂಠಿ ಸೇರಿಸಿ ಎರಡು ನಿಮಿಷ. ತೊಳೆದ ಬೇಳೆ, ಬಿಸಿನೀರು ಹಾಕಿ, ಮುಚ್ಚಳ ಓರೆಯಾಗಿಟ್ಟು 25 ನಿಮಿಷ. ಕುಕ್ಕರ್ ಬೇಡ, ಬೇಳೆ ಒಡೆದೂ ಒಡೆಯದ ಹಾಗೆ ಇರಬೇಕು. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಿ, ಬರ್ಬರೆಯಲ್ಲಿ ಆಗಲೇ ಇದೆ. ಇಳಿಸುವ ಮುನ್ನ ಏಲಕ್ಕಿ, ಮೆಣಸು, ಲವಂಗ, ದಾಲ್ಚಿನ್ನಿ ಸೇರಿದ ಪುಡಿ ಒಂದು ಚಿಟಿಕೆ. ಈ ಕೊನೆಯ ಚಿಟಿಕೆಗೆ ಅಲ್ಲಿ ಮಕಲೇಶ ಎನ್ನುತ್ತಾರೆ. ಚಮಚದಲ್ಲಿ ಎತ್ತಿದರೆ ಧಾರೆಯಾಗದೆ ಮುದ್ದೆಯಾಗಿ ಬೀಳುವುದು ಸರಿಯಾದ ಹದ.

7. ಜೊತೆಗೆ ಏನು

ಪುಸ್ತಕ ಇಂಜೆರ ಎನ್ನುತ್ತದೆ. ತೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ದಿನಗಟ್ಟಲೆ ಹುದುಗಿಸಿ, ಒಂದೇ ಬದಿ ಬೇಯಿಸಿದ, ಮೈತುಂಬ ಕಣ್ಣುಗಳ ದೊಡ್ಡ ದೋಸೆ. ತೆಫ್ ಸಿಗದಿದ್ದರೆ ಮೈದಾ, ಸೋಡಾ, ನಿಂಬೆರಸದ ದಿಢೀರ್ ಇಂಜೆರಕ್ಕೆ ಹೋಗಬೇಡಿ. ಇಥಿಯೋಪಿಯದಲ್ಲೇ ಕೆಲವೆಡೆ ಜೋಳದ, ರಾಗಿಯ ಇಂಜೆರ ಮಾಡುತ್ತಾರೆ. ರಾಗಿಗೆ ಅಲ್ಲಿನ ಹೆಸರು ದಗುಸ. ರಾಗಿ ಹಿಟ್ಟು, ಜೋಳದ ಹಿಟ್ಟು ಸಮಸಮ ಕಲಸಿ ಎರಡು ದಿನ ಹುಳಿಯಲು ಬಿಡಿ. ಹುಳಿದ ಹಿಟ್ಟಿನಲ್ಲಿ ಒಂದು ಸೌಟು ತೆಗೆದು, ನೀರು ಬೆರೆಸಿ, ಅಂಬಲಿಯಂತೆ ಕಾಯಿಸಿ, ಆರಿಸಿ, ಮತ್ತೆ ಅದೇ ಹಿಟ್ಟಿಗೆ ಕಲಸಿ. ಅಲ್ಲಿ ಇದಕ್ಕೆ ಅಬ್ಸಿತ್ ಎನ್ನುತ್ತಾರೆ. ಹಿಟ್ಟಿಗೆ ಹಿಡಿತ ಬರುವುದು ಇದರಿಂದಲೇ. ಇನ್ನೆರಡು ಗಂಟೆ ಬಿಟ್ಟು ಕಾದ ಕಾವಲಿಯ ಮೇಲೆ ತೆಳ್ಳಗೆ ಹೊಯ್ದು, ಕಣ್ಣು ಬಿಟ್ಟ ಕೂಡಲೇ ಮುಚ್ಚಿ. ತಿರುವಿ ಹಾಕುವಂತಿಲ್ಲ. ಮೊದಲ ಎರಡು ಹರಿಯುತ್ತವೆ. ಅನ್ನಕ್ಕೂ ಮಿಸಿರ್ ವತ್ ಚೆನ್ನಾಗಿಯೇ ಒಗ್ಗುತ್ತದೆ.

8. ಊಟವಾದ ಮೇಲೆ ಐದು ನಿಮಿಷ

ಪಾತ್ರೆ ತೊಳೆಯುವ ಮೊದಲು ಪುಸ್ತಕದ ಬಳಿ ಕೂಡಿ. ನಾಳೆ ಬರೆಯುತ್ತೇನೆಂದರೆ ಮರೆತುಹೋಗುತ್ತದೆ. ತಾರೀಖು, ಮೆಣಸಿನಕಾಯಿ ಯಾವ ಅಂಗಡಿಯದು, ಎಷ್ಟು ಜನ ಉಂಡರು, ಏನು ಉಳಿಯಿತು. ‘ಚೆನ್ನಾಗಿತ್ತು’ ಎಂದು ಬರೆದರೆ ಉಪಯೋಗವಿಲ್ಲ. ‘ಮೆಂತ್ಯ ಮುಕ್ಕಾಲು ಚಮಚ ಸಾಕು’ ಎಂದು ಬರೆದರೆ ಇದೆ. ಪೆನ್ ಬೇಡ, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ, ಅಭಿಪ್ರಾಯ ಬದಲಾದರೆ ಅಳಿಸಲೂ ಆಗದು. ಒಂದೇ ಮಸಾಲೆಯನ್ನು ಮೂರು ಸಲ ಮಾಡಿ, ಮೂರು ಟಿಪ್ಪಣಿ ಬರೆದ ಮೇಲೆ ಮಾತ್ರ ಪುಟ ತಿರುಗಿಸಿ. ಬರ್ಬರೆ ಕೈಗೆ ಹತ್ತಿದ್ದರೆ ಮುಂದೆ ಮಿತ್ಮಿತ ಇದೆ, ಅದರಲ್ಲಿ ಖಾರ ಇನ್ನೂ ಹರಿತ.

ನನ್ನ ಪುಸ್ತಕದ ಆ ಪುಟದಲ್ಲಿ, ಅಪರಿಚಿತರ ‘ಅರ್ಧ ಸಾಕು’ ಎಂಬ ಮಾತಿನ ಕೆಳಗೆ ಈಗ ನನ್ನ ಅಕ್ಷರದಲ್ಲಿ ಮೂರು ಸಾಲಿವೆ. ‘ಹೌದು, ಅರ್ಧವೇ ಸಾಕಿತ್ತು.’ ‘ಗುಂಟೂರು 15 ಗ್ರಾಂ ಹಾಕಿದೆ, ಮಕ್ಕಳು ಮುಟ್ಟಲಿಲ್ಲ, 10ಕ್ಕೆ ವಾಪಸ್.’ ಮೂರನೆಯದು ಅಮ್ಮ ಹೇಳಿ ಬರೆಸಿದ್ದು: ‘ಓಮ ಅರ್ಧ ಚಮಚ.’ ಅದನ್ನು ಇನ್ನೂ ಮಾಡಿ ನೋಡಿಲ್ಲ.